ಪಾರ್ಲೆಯ ಮೇಲೆ ಹಾರಬಾರದು

ಅವನ ತಾಯಿ ಇರುವವರೆಗೆ ಇದನ್ನು ಬರೆಯುವ ಹಾಗಿರಲಿಲ್ಲ. ಆಕೆ ಊರಿನಿಂದ ಬರುವ ವಾರಪತ್ರಿಕೆಯನ್ನು ಜಾಹೀರಾತು ಸಮೇತ ಓದುವವರು. ನಾನು ಎಷ್ಟು ಮರೆಮಾಚಿ ಬರೆದಿದ್ದರೂ ಎರಡನೆಯ ಪ್ಯಾರಾದೊಳಗೆ ಮಗನ ಗುರುತು ಹಿಡಿದು ನನ್ನ ಮೇಲೆ ಜಗಳಕ್ಕೇ ಬರುತ್ತಿದ್ದರು. ಕಳೆದ ತಿಂಗಳು ಆಕೆಯೂ ಹೋದರು. ಆಕೆಯ ಗಂಡ ಅದಕ್ಕೂ ಎಷ್ಟೋ ಮೊದಲೇ ಹೋಗಿದ್ದರು. ಇನ್ನು ಈ ಬರಹದಿಂದ ನೋಯುವವರು ಯಾರೂ ಉಳಿದಿಲ್ಲ, ನಾನೊಬ್ಬನನ್ನು ಬಿಟ್ಟರೆ.

ಆದರೂ ಹೆಸರು ಹೇಳುವುದಿಲ್ಲ. ವಿಮಾನ ಹಾರಿಸುವ ನಮ್ಮ ಕ್ಲಬ್ಬಿನಲ್ಲಿ ಅವನ ಹೆಸರು ಯಾರಿಗೂ ಬೇಕಾಗಿಯೂ ಇರಲಿಲ್ಲ. ಪಾರ್ಸಿ, ಮರಾಠಿ, ಗುಜರಾತಿ ಎಲ್ಲರೂ ಅವನನ್ನು 'ಮಾಣಿ' ಎಂದೇ ಕರೆಯುತ್ತಿದ್ದರು. ಉಡುಪಿ ಹೋಟೆಲಿನಲ್ಲಿ ತಟ್ಟೆ ಲೋಟ ತಂದಿಡುವ ಹುಡುಗನನ್ನು ಕರೆಯುವ ಹಾಗೆ. ಆ ಹೆಸರು ಇಟ್ಟವನು ನಾನೇ. ಅದರ ಬಗ್ಗೆ ಅವನಿಗೆ ಬೇಜಾರಿರಲಿಲ್ಲ. "ಅದೇ ಅಲ್ವಾ ನಾನು ಮೊದಲು ಕಲಿತ ವಿದ್ಯೆ?" ಎನ್ನುತ್ತಿದ್ದ.

ಐವತ್ತರ ದಶಕದ ಮುಂಬಯಿ ಅದು. ದೊಡ್ಡ ವಿಮಾನಗಳೆಲ್ಲ ಸಾಂತಾಕ್ರೂಜಿಗೆ ಹೋಗಿ, ಜುಹುವಿನ ಸಮುದ್ರದ ಪಕ್ಕದ ಹಳೆಯ ನಿಲ್ದಾಣ ನಮ್ಮಂಥ ಬಡಪಾಯಿಗಳಿಗೆ ಉಳಿದಿತ್ತು. ಅಲ್ಲಿ ನಮ್ಮ ಫ್ಲೈಯಿಂಗ್ ಕ್ಲಬ್ಬು. ಯುದ್ಧಕಾಲದ ತರಬೇತಿ ವಿಮಾನಗಳು. ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿ ಬಣ್ಣ ಬಳಿದಂಥವು. ತಲೆಯ ಮೇಲೆ ಸೂರಿಲ್ಲ, ಮುಂದೊಬ್ಬ ಹಿಂದೊಬ್ಬ ಕೂತರೆ ಮುಗಿಯಿತು. ಧಾರವಾಡದಿಂದ ಬಂದ ನಾನು ಅಲ್ಲಿ ಹಾರುವುದನ್ನು ಕಲಿಸುತ್ತಿದ್ದೆ. ನನ್ನ ಮೇಲಿನವರು, ಎಲ್ಲರ ಮೇಲಿನವರು, ಒಬ್ಬ ಪಾರ್ಸಿ ಸಾಹೇಬರು. ನಾವೆಲ್ಲ ಅವರನ್ನು 'ಬಾವಾ' ಎನ್ನುತ್ತಿದ್ದೆವು. ಆ ಮನುಷ್ಯ ನಕ್ಕದ್ದನ್ನು ಕಂಡವರು ಕಡಿಮೆ.

ಮಾಣಿ ಬಂದ ಮೊದಲ ದಿನವೇ ನಮ್ಮ ಕಣ್ಣಿಗೆ ಬಿದ್ದ. ಬಾವಾ ಚಹಾ ತರಿಸಿದ್ದರು. ಕ್ಯಾಂಟೀನಿನವನು ಟ್ರೇ ಹುಡುಕುತ್ತಿರುವಾಗ ಈ ಹೊಸ ಹುಡುಗ ಬೆರಳುಗಳ ಸಂದಿಯಲ್ಲಿ ಅಷ್ಟೂ ಲೋಟ ಸಿಕ್ಕಿಸಿಕೊಂಡು, ವಿಮಾನಗಳನ್ನು ನಿಲ್ಲಿಸುವ ಹ್ಯಾಂಗರಿನ ಉದ್ದಕ್ಕೂ ನಡೆದು ಬಂದು ಒಂದು ಹನಿ ಚೆಲ್ಲದೆ ಹಂಚಿಬಿಟ್ಟ. ಅವನ ತಂದೆಯ ಹೋಟೆಲು ಬೈಕುಲ್ಲಾ ಮಾರ್ಕೆಟ್ಟಿನ ಪಕ್ಕದಲ್ಲಿತ್ತು. ಕಾಲೇಜಿಗೆ ಹೋಗುವ ಮೊದಲು ಬೆಳಗಿನ ಗಿರಾಕಿಗಳನ್ನು ಸುಧಾರಿಸಿಯೇ ಹೋಗುತ್ತಿದ್ದನಂತೆ.

"ಕ್ಯಾ ರೇ, ಯೇ ತೇರಾ ಹೋಟೆಲ್ ಹೈ?" ಎಂದು ಬಾವಾ ಗದರಿದರು. ಆದರೆ ಚಹಾ ಕುಡಿದರು. ಆಮೇಲೆ ಅವನನ್ನು ತಮ್ಮ ವಿಮಾನದ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ತಾವೇ ಕಲಿಸಿದರು, ನನಗೆ ಬಿಡಲಿಲ್ಲ. ಅವನು ಕಲಿತದ್ದೂ ಹಾಗೆಯೇ. ಬಾವಾ ಇಂಜಿನಿನ ವೇಗ ಏರಿಸಿಳಿಸುವ ಥ್ರಾಟಲ್ ಎಳೆಯುವಾಗ ಮಣಿಕಟ್ಟು ಒಂದಿಷ್ಟು ಒಳಕ್ಕೆ ತಿರುಗುತ್ತಿತ್ತು, ಎಂದೋ ಮುರಿದು ಕೂಡಿದ ಕೈ ಅದು. ಇವನ ಕೈ ಮುರಿದಿರಲಿಲ್ಲ, ಆದರೂ ಹಾಗೆಯೇ ತಿರುಗಿಸಿ ಎಳೆಯುತ್ತಿದ್ದ. ನೆಲದ ಮೇಲೆ ನಿಂತು ಇಂಜಿನಿನ ಸದ್ದು ಕೇಳಿದರೆ ಮೇಲಿರುವುದು ಗುರುವೋ ಶಿಷ್ಯನೋ ಎಂದು ನನಗೇ ತಿಳಿಯುತ್ತಿರಲಿಲ್ಲ. ತಿರುವು ತೆಗೆದುಕೊಳ್ಳುವಾಗ ಮಾತ್ರ ಅವನದೇ ರೀತಿ. ಗದ್ದಲದ ಹೋಟೆಲಿನಲ್ಲಿ ತುಂಬಿದ ಲೋಟ ಹಿಡಿದವನು ಮೇಜುಗಳ ನಡುವೆ ತಿರುಗುವಂತೆ, ಅವಸರವಿಲ್ಲದೆ ತಿರುಗುತ್ತಿದ್ದ. ಲೈಸೆನ್ಸು ಸಿಕ್ಕಿ, ಹೆಚ್ಚು ತಡವಾಗದೆ ನಮ್ಮ ಜೊತೆಗೇ ಕಲಿಸುವ ಕೆಲಸಕ್ಕೆ ಸೇರಿಕೊಂಡ. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಕನ್ನಡಿಯಲ್ಲಿ ಅದನ್ನು ದಿನಾ ಹುಡುಕುತ್ತಿದ್ದ.

ಅವನ ಹುಚ್ಚಾಟಗಳು ಒಂದೆರಡಲ್ಲ. ತಲೆಗೆ ಅಷ್ಟು ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬರುತ್ತಿದ್ದನೆಂದರೆ ಅವನ ಚರ್ಮದ ಹೆಲ್ಮೆಟ್ಟನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ವಿಮಾನ ಏರುವ ಮೊದಲು ಹೆಗಲ ಮೇಲಿನ ಬಟ್ಟೆ ತೆಗೆದು ಗಾಜನ್ನು ಒರೆಸುವ ರೀತಿ ನೋಡಿದರೆ, ಈಗ ಯಾರೋ ಬಂದು ಅಲ್ಲಿ ಕೂತು ಮಸಾಲೆ ದೋಸೆ ಕೇಳುತ್ತಾರೆ ಅನಿಸುತ್ತಿತ್ತು. ಕಡಲ ತೀರದಲ್ಲಿ ಹುಟ್ಟಿದವನಿಗೆ ಈಜು ಬರುತ್ತಿರಲಿಲ್ಲ. ಊರಿಗೆ ಹೋಗುವ ಸ್ಟೀಮರು ಹತ್ತಿದರೆ ಇಳಿಯುವ ತನಕ ಅಂಗಾತ ಮಲಗುತ್ತಿದ್ದ.

"ಗಾಳಿಯೊಳಗ ಇಷ್ಟು ಕುಣೀತಿ, ನೀರು ಕಂಡ್ರ ಯಾಕಪಾ ಅಂಜತಿ?" ಎಂದು ನಾನು ಛೇಡಿಸುತ್ತಿದ್ದೆ.

"ಗಾಳಿ ನಂಬಬಹುದು ಮಾರಾಯ್ರೆ. ಸಮುದ್ರ ನಮ್ಮ ಊರಿನದ್ದೇ, ಅದರ ಬುದ್ಧಿ ನನಗೆ ಗೊತ್ತುಂಟು."

ರನ್‌ವೇ ಬಿಡುವಾಗ ಎಲ್ಲರೂ ಕೈ ಬೀಸುತ್ತಾರೆ. ಇವನು ಕೈ ಬೀಸಿ "ಬಂದೇ!" ಎಂದು ಕೂಗುತ್ತಿದ್ದ. ಹೋಟೆಲಿನಲ್ಲಿ ಮೂಲೆಯ ಗಿರಾಕಿ ಕರೆದಾಗ ಮಾಣಿಗಳು ಕೂಗುವ ಅದೇ ಕೂಗು. ಹೋಗುವವನು ಬಂದೆ ಅನ್ನುತ್ತಾನಲ್ಲ ಎಂದು ಮೊದಲು ನಗುತ್ತಿದ್ದ ಕ್ಲಬ್ಬು ಕಡೆಗೆ ತಾನೂ ಅದನ್ನೇ ಕಲಿತಿತ್ತು. ಬೊರಿವಲಿಯಿಂದ ಮೊದಲ ಲೋಕಲ್ ಹಿಡಿದು ಬರುತ್ತಿದ್ದ, ಅವನದೇ ವಯಸ್ಸಿನ ಮರಾಠಿ ಪೈಲಟ್ ಒಬ್ಬನಂತೂ ಮನೆಯಲ್ಲೂ ಹಾಗೆಯೇ ಕೂಗಿ ಹೊರಡುತ್ತಿದ್ದನಂತೆ.

ಇಷ್ಟೆಲ್ಲ ಹೇಳಿದ್ದು ಮುಂದಿನದನ್ನು ಹೇಳಲು ಮನಸ್ಸಾಗದೆ. ಹೇಳಬೇಕು.

ಮಾಣಿಯ ಮನೆ ವಿಲೆ ಪಾರ್ಲೆಯ ಒಂದು ಚಾಳಿನಲ್ಲಿ, ಸಾಲು ಕೋಣೆಗಳ ವಠಾರದಲ್ಲಿತ್ತು. ಜುಹುವಿನಲ್ಲಿ ಇಳಿಯುವ ವಿಮಾನ ಸುತ್ತು ಹಾಕಿ ಬರುವಾಗ ಪಾರ್ಲೆಯ ಮೇಲೇ ತಿರುಗಬೇಕು. ಸಂಜೆಯ ಕೊನೆಯ ಸುತ್ತಿನಲ್ಲಿ ಮನೆಯ ಮೇಲೆ ಬಂದಾಗ ಮಾಣಿ ಇಂಜಿನಿನ ಸದ್ದನ್ನು ಪೂರ್ತಿ ಅಡಗಿಸಿ, ಆಮೇಲೆ ಎರಡು ಸಲ ಗುಂಯ್ ಗುಂಯ್ ಎನ್ನಿಸುತ್ತಿದ್ದ. ಕೆಳಗೆ ಅವನ ತಾಯಿ ಆ ಸದ್ದು ಕೇಳಿ ಒಲೆಯ ಮೇಲೆ ಅನ್ನಕ್ಕಿಡುತ್ತಿದ್ದರು. ಅವನು ಇಳಿದು, ವಿಮಾನ ಒಳಗಿಡಿಸಿ, ಸೈಕಲ್ ತುಳಿದು ಮನೆ ಮುಟ್ಟುವಷ್ಟರಲ್ಲಿ ಅನ್ನ ಆಗಿರುತ್ತಿತ್ತು. ತಣ್ಣಗಿನ ಅನ್ನ ಅವನಿಗೆ ಆಗುತ್ತಿರಲಿಲ್ಲ. ದಿನವೂ ಹೋಟೆಲಿನಲ್ಲಿ ಬೇರೆಯವರಿಗೆ ಬಿಸಿಬಿಸಿ ಬಡಿಸಿದವನಿಗೆ ಮನೆಯಲ್ಲಾದರೂ ಬಿಸಿ ಬೇಡವೇ ಎಂದು ಆಕೆ ಕೇಳುತ್ತಿದ್ದರು. ನಾನೂ ಎಷ್ಟೋ ಸಂಜೆ ಅವನ ಸೈಕಲ್ಲಿನ ಹಿಂದೆ ಕೂತು ಹೋಗಿ ಆ ಅನ್ನ ಉಂಡಿದ್ದೇನೆ.

ಯಾರೋ ಪಾರ್ಲೆಯವರು ಸದ್ದಿನ ಬಗ್ಗೆ ದೂರಿದರು. ಮನೆಗಳ ಮೇಲೆ ಇಂಜಿನಿನ ಜೊತೆ ಆಟವಾಡುವುದು ದೊಡ್ಡ ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಬಾವಾ ಎಲ್ಲರೆದುರು ಅವನ ಬೆವರಿಳಿಸಿ, ಹಾರುವುದನ್ನೇ ನಿಲ್ಲಿಸಿದರು. ಕೆಲವು ವಾರ ಅವನು ಹ್ಯಾಂಗರು ಗುಡಿಸುತ್ತ, ಮುಖ ಊದಿಸಿಕೊಂಡು ಕಾಲ ತಳ್ಳಿದ. ಆಗ ಒಮ್ಮೆ ನಾನು ಮನೆಗೆ ಹೋದಾಗ ತಾಯಿ ಬಾಗಿಲಲ್ಲೇ ಹಿಡಿದರು.

"ನಿಮ್ಮ ಸಾಹೇಬರಿಗೆ ಇವನ ಮೇಲೆ ಕೋಪವಾ? ಈ ಕಡೆ ಬಿಡುವುದೇ ಇಲ್ಲ ಅಂತೆ. ನನಗೆ ಅನ್ನಕ್ಕಿಡುವ ಹೊತ್ತೇ ತಿಳಿಯುವುದಿಲ್ಲ. ನೀವಾದರೂ ಒಂದು ಮಾತು ಹೇಳಿ."

ಹೇಳಿದೆ. ಬಾವಾ ಕೇಳಿಸದವರಂತೆ ಪೈಪು ತುಂಬಿಕೊಂಡರು. ಮರುದಿನ ಅವನ ಹೆಸರು ಹಾರುವವರ ಪಟ್ಟಿಯಲ್ಲಿತ್ತು. ಅಂದಿನಿಂದ ಸಂಜೆಯ ಆ ಸದ್ದು ಮತ್ತೆ ಶುರುವಾಯಿತು, ಸ್ವಲ್ಪ ಮೆತ್ತಗೆ, ಸ್ವಲ್ಪ ಕಡಲ ಕಡೆಗೆ ಸರಿದು. ಬಾವಾ ಆ ಹೊತ್ತಿಗೆ ಸರಿಯಾಗಿ ಆಫೀಸಿನೊಳಗೆ ಹೋಗಿಬಿಡುತ್ತಿದ್ದರು.

ಅಮ್ಮನ ಹೆದರಿಕೆ ಹೋಗಲೆಂದು ಅವನು ಒಂದು ಮಾತು ಹೇಳಿಕೊಟ್ಟಿದ್ದ: ಇಂಜಿನ್ ನಿಂತರೂ ವಿಮಾನ ಬೀಳುವುದಿಲ್ಲ, ಗಾಳಿಯ ಮೇಲೆ ಜಾರುತ್ತ ಎಲ್ಲಾದರೂ ಒಂದು ಬಯಲಿನಲ್ಲಿ ಇಳಿಯುತ್ತದೆ. ಸುಳ್ಳಲ್ಲ, ನಾವೆಲ್ಲ ಕಲಿಸುವುದೂ ಅದನ್ನೇ. ಕೆಳಗೆ ಬಯಲಿರಬೇಕು ಎಂಬುದನ್ನು ಅವನು ಒತ್ತಿ ಹೇಳಿರಲಿಲ್ಲ.

ಮಳೆಗಾಲ ಮುಗಿದ ಹೊಸತು. ಇಂಜಿನ್ ಬಿಚ್ಚಿ ಜೋಡಿಸಿದ ವಿಮಾನವೊಂದನ್ನು ಯಾರಾದರೂ ಹಾರಿಸಿ ನೋಡಬೇಕಿತ್ತು. ಅಂದಿನ ಸರದಿ ಮಾಣಿಯದು. ಗಾಜು ಒರೆಸಿದ, ಏರಿದ, "ಬಂದೇ!" ಅಂದ. ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತು. ವರ್ಸೋವಾದ ಮೀನುಗಾರರು ಕಂಡದ್ದಿಷ್ಟು: ಹಳದಿ ವಿಮಾನ ಸದ್ದೇ ಇಲ್ಲದೆ ಸಮುದ್ರದ ಮೇಲೆ ಕೆಳಕ್ಕೆ ಬಂತು, ದಡದ ಕಡೆ ತಿರುಗಲು ನೋಡಿತು, ಮುಟ್ಟಲಿಲ್ಲ. ಅವರು ದೋಣಿ ಹಾಕಿಕೊಂಡು ಹೋಗುವಷ್ಟರಲ್ಲಿ ನೀರು ಸಮ ಆಗಿತ್ತು. ನಾವು ಇದ್ದಬದ್ದ ವಿಮಾನಗಳನ್ನೆಲ್ಲ ಎಬ್ಬಿಸಿ ಕತ್ತಲಾಗುವವರೆಗೆ, ಮರುದಿನ, ಅದರ ಮರುದಿನ ಹುಡುಕಿದೆವು. ಒಂದು ಚಕ್ರ ಸಿಕ್ಕಿತು. ರೆಕ್ಕೆಯ ಬಟ್ಟೆಯ ಒಂದು ಪಟ್ಟಿ ಸಿಕ್ಕಿತು. ಅವನನ್ನು ಸಮುದ್ರ ಕೊಡಲಿಲ್ಲ.

ಮೊದಲ ಸಂಜೆಯೇ ಬಾವಾ ಮತ್ತು ನಾನು ಪಾರ್ಲೆಗೆ ಹೋದೆವು. ಕ್ಲಬ್ಬಿನಲ್ಲಿ ಕನ್ನಡ ಬರುವವನು ನಾನೊಬ್ಬನೇ, ಹಾಗಾಗಿ ಆ ಮಾತು ಆಡುವ ಕೆಲಸ ನನ್ನ ಪಾಲಿಗೆ ಬಂತು. ಬಾವಾ ಟೋಪಿ ಕೈಯಲ್ಲಿ ಹಿಡಿದು ಹೊಸ್ತಿಲ ಹೊರಗೇ ನಿಂತರು. ತಂದೆ ಬೈಕುಲ್ಲಾದಿಂದ ಆಗಲೇ ಬಂದಿದ್ದರು.

"ವಿಮಾನ ಸಮುದ್ರಕ್ಕ ಬಿತ್ರಿ ಅವ್ವಾ," ಎಂದೆ.

"ಬಿದ್ದಿರುವುದಿಲ್ಲ," ಎಂದರು ತಾಯಿ, ನನಗೇ ಸಮಾಧಾನ ಹೇಳುವವರಂತೆ. "ಅದು ಬೀಳುವುದಿಲ್ಲ, ಜಾರಿಕೊಂಡು ಇಳಿಯುತ್ತದೆ. ಅವನೇ ಹೇಳಿದ್ದಾನೆ. ಎಲ್ಲೋ ಇಳಿದಿರುತ್ತಾನೆ. ನೀವು ಸರಿಯಾಗಿ ಹುಡುಕಿ."

ಪೈಲಟ್‌ಗಳ ದುಃಖ ನೋಡಿದವರಿಗೆ ಅದು ದುಃಖದ ಹಾಗೆ ಕಾಣುವುದಿಲ್ಲ. ಒಬ್ಬ ಬಿದ್ದರೆ ಉಳಿದವರೆಲ್ಲ ಬೇಗನೆ ಒಮ್ಮೆ ಹಾರಲೇಬೇಕು. ಬಿಟ್ಟರೆ ಕೈಯಲ್ಲಿ ಹೆದರಿಕೆ ಕೂತುಬಿಡುತ್ತದೆ. ಹುಡುಕಾಟ ನಿಲ್ಲಿಸಿದ ದಿನ ಬಾವಾ ಒಬ್ಬೊಬ್ಬರನ್ನೇ ಕರೆದು ತಮ್ಮ ಮುಂದೆ ಕೂರಿಸಿಕೊಂಡು ಒಂದೊಂದು ಸುತ್ತು ಹಾಕಿಸಿದರು. ಯಾರೂ "ಬಂದೇ" ಅನ್ನಲಿಲ್ಲ. ಮಾಣಿಯ ಹೆಲ್ಮೆಟ್ ನೇತು ಹಾಕುವ ಗೂಟ ಎಣ್ಣೆಯ ಕಲೆಯೊಂದಿಗೆ ಹಾಗೇ ಖಾಲಿ ಇತ್ತು. ಬೊರಿವಲಿಯ ಹುಡುಗ ತನ್ನ ಸುತ್ತು ಮುಗಿಸಿ ಇಳಿದ, ಹಾರುವಾಗ ಹಾಕುವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ, ಲೋಕಲ್ ಹತ್ತಿ ಹೋದ. ಮತ್ತೆ ಬರಲಿಲ್ಲ. ಅಪ್ಪನ ಬಟ್ಟೆ ಅಂಗಡಿಯಲ್ಲಿ ಕೂತಿದ್ದಾನೆಂದು ಆಮೇಲೆ ತಿಳಿಯಿತು. ಬಾವಾ ಹೊರಗಿನಿಂದ ಮೊದಲಿನಂತೆಯೇ ಇದ್ದರು. ಒಂದು ದಿನ ಮಾತ್ರ ನನ್ನನ್ನು ನಿಲ್ಲಿಸಿ, "ಮೈನೆ ಉಸ್ಕೋ ಸಬ್‌ಕೇ ಸಾಮ್ನೆ ಡಾಂಟಾ ಥಾ," ಎಂದರು. ಎಲ್ಲರೆದುರು ಬೈದದ್ದು ಅವರನ್ನು ಕೊರೆಯುತ್ತಿತ್ತು. ಅದು ಹಳೆಯ ಮಾತಾಯಿತು, ಅವನು ಮರೆತಿದ್ದ ಎಂದೆ. ಅವರು ತಲೆಯಾಡಿಸಿದರು, ಆದರೆ ಒಪ್ಪಲಿಲ್ಲ.

ಅತ್ತ ಮನೆಯಲ್ಲಿ ಬೇರೆಯೇ ಸಂಕಟ. ತಂದೆಗೆ ಮಗನ ಕ್ರಿಯೆ ಮುಗಿಸಬೇಕಿತ್ತು. ದೇಹ ಸಿಗದಿದ್ದರೆ ದರ್ಭೆಯಲ್ಲಿ ಆಕೃತಿ ಮಾಡಿ ಸಂಸ್ಕಾರ ಮಾಡುವ ಕ್ರಮವುಂಟು, ಭಟ್ಟರೂ ಒಪ್ಪಿದ್ದರು. ತಾಯಿ ಒಪ್ಪಬೇಕಲ್ಲ! "ಬದುಕಿರುವವನಿಗೆ ತಿಲೋದಕ ಬಿಡ್ತೀರಾ? ನನಗೆ ಹೆಣ ತೋರಿಸಿ, ಆಮೇಲೆ ಅಳುತ್ತೇನೆ," ಎನ್ನುತ್ತಿದ್ದರು. ಸಂಜೆಯಾದರೆ ಅಕ್ಕಿ ತೊಳೆದಿಟ್ಟು ಸದ್ದಿಗೆ ಕಾಯುತ್ತಿದ್ದರು, ಕತ್ತಲಾದ ಮೇಲೆ ಗಂಡನಿಗಷ್ಟು ಬೇಯಿಸುತ್ತಿದ್ದರು. ತಂದೆ ನನ್ನನ್ನು ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕ ಕೂರಿಸಿಕೊಂಡು ಹೇಳಿದರು: "ನಾನು ಹೇಳಿದರೆ ಅವಳು ಕೇಳುವುದಿಲ್ಲ. ನೀವು ಆ ವಿಮಾನ ಗೊತ್ತಿದ್ದವರು. ನೀವು ಹೇಳಿದರೆ ನಂಬಿಯಾಳು. ನಾನು ಇರುವಾಗಲೇ ಅವನಿಗೊಂದು ದಾರಿ ಆಗಲಿ ಮಾರಾಯ್ರೆ. ನಾನು ಹೋದ ಮೇಲೆ ಅವನಿಗೆ ಮಾಡುವವರು ಯಾರು?"

ಆ ಚಳಿಗಾಲವಿಡೀ ನನಗೆ ಅದೇ ಕೆಲಸವಾಯಿತು. ಬಿಡುವಾದಾಗೆಲ್ಲ ಹೋಗಿ ಆಕೆಯೆದುರು ಕೂರುತ್ತಿದ್ದೆ. ಗಾಳಿ ಎತ್ತ ಇತ್ತು, ವಿಮಾನ ಎಷ್ಟು ದೂರ ಜಾರಬಲ್ಲದು, ದಡ ಎಷ್ಟು ದೂರವಿತ್ತು, ಎಲ್ಲವನ್ನೂ ನೆಲದ ಮೇಲೆ ಬೆರಳಿನಿಂದ ಗೀರಿ ತೋರಿಸುತ್ತಿದ್ದೆ. ಅಂಥ ಪಾಠವನ್ನು ಯಾವ ಶಿಷ್ಯನಿಗೂ ಮಾಡಬಾರದು, ತಾಯಿಗಂತೂ ಮಾಡಲೇಬಾರದು. ಆಕೆ ಗಮನವಿಟ್ಟು ಕೇಳುತ್ತಿದ್ದರು. ಕೊನೆಗೆ, "ಅವನಿಗೆ ಈಜು ಬರುವುದಿಲ್ಲ, ಅಲ್ವಾ?" ಎಂದು ಒಂದು ದಿನ ತಾವಾಗಿಯೇ ಕೇಳಿದರು. ಇಲ್ರಿ ಎಂದೆ. ಅಂದು ಮೊದಲ ಬಾರಿಗೆ ಆಕೆ ಅತ್ತರು. ಗಂಡ ಗೋಡೆಗೊರಗಿ ಅಳುತ್ತಿದ್ದರು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, "ಆಯ್ತು, ಮಾಡಿ," ಎಂದರು. ಇಷ್ಟೇ. ಭಟ್ಟರಿಗೆ ಹೇಳಿಕಳಿಸಿದರು, ದಿನ ನಿಗದಿಯಾಯಿತು.

ಕ್ರಿಯೆಯ ಹಿಂದಿನ ದಿನ ಬೆಳಿಗ್ಗೆ ಈ ಸಂಗತಿಯನ್ನು ಬಾವಾಗೆ ತಿಳಿಸಿದೆ. ನಾಳೆ ಕ್ರಿಯೆ ಶುರು, ಇಂದು ಸಂಜೆ ನಾನು ಅವರ ಮನೆಯಲ್ಲಿರುತ್ತೇನೆ ಎಂದೆ. "ಅಚ್ಛಾ," ಎಂದರು. ಹಾರುವವರ ಪಟ್ಟಿಯನ್ನು ಹತ್ತಿರ ಎಳೆದುಕೊಂಡರು.

ಸಂಜೆ ಪಾರ್ಲೆಯ ಮನೆಯಲ್ಲಿ ಭಟ್ಟರು ದರ್ಭೆಯ ಕಟ್ಟು ತಂದಿಟ್ಟು ಹೋಗಿದ್ದರು. ಅದು ಮೂಲೆಯಲ್ಲಿ ಬಾಳೆಲೆಯ ಮೇಲಿತ್ತು. ತಂದೆ ಬೇಕಾದ ಸಾಮಾನು ಒಂದೊಂದೇ ನೆನಪಿಸಿಕೊಳ್ಳುತ್ತಿದ್ದರು. ತಾಯಿ ಸುಮ್ಮನೆ ಗೋಡೆಗೆ ಆತು ಕೂತಿದ್ದರು. ಅಂದು ಅಕ್ಕಿ ತೊಳೆದಿಟ್ಟಿರಲಿಲ್ಲ. ಅದನ್ನು ಗಮನಿಸಿ, ಸದ್ಯ ಮುಗಿಯಿತಲ್ಲ ಎಂದು ನಾನು ಮನಸ್ಸಿನಲ್ಲೇ ನಿಟ್ಟುಸಿರುಬಿಟ್ಟೆ.

ಆಗ ಜುಹುವಿನ ಕಡೆಯಿಂದ ನಮ್ಮ ಕ್ಲಬ್ಬಿನ ವಿಮಾನವೊಂದು ಬಂತು. ಚಾಳಿನ ನೆತ್ತಿಯ ಮೇಲೆ ಬಂದಾಗ ಇಂಜಿನಿನ ಸದ್ದು ಪೂರ್ತಿ ಅಡಗಿತು. ಆಮೇಲೆ ಗುಂಯ್. ಮತ್ತೊಮ್ಮೆ ಗುಂಯ್.

ನನಗೆ ಆ ಕ್ಷಣವೇ ಗೊತ್ತಾಯಿತು ಅದು ಯಾರೆಂದು. ನಾವು ಹಾರುವವರು ಬೀಳ್ಕೊಡುವುದು ಹಾಗೆಯೇ. ಸತ್ತವನ ಮನೆಯ ಮೇಲೆ ಹಾರಿ ಹೋಗುತ್ತೇವೆ. ಕೆಳಗಿನವರು ತಮ್ಮ ಶಾಸ್ತ್ರ ಮಾಡುತ್ತಾರೆ, ಮೇಲಿನದು ನಮ್ಮದು. ಯಾವ ಸದ್ದಿಗಾಗಿ ಬೈದಿದ್ದರೋ ಅದೇ ಸದ್ದನ್ನು ತಾವೇ ಮಾಡಿ ಬಾವಾ ಅವನ ಹತ್ತಿರ ಕ್ಷಮೆ ಕೇಳಿದ್ದರು. ಪೈಲಟ್ ಆದವನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಹೊಳೆಯುವುದಿಲ್ಲ. ಕೆಳಗೆ ಒಬ್ಬಳು ತಾಯಿ ಇದ್ದಾಳೆಂಬುದೂ ಹೊಳೆಯುವುದಿಲ್ಲ.

ಆಕೆ ಎದ್ದು ನಿಂತಾಗಿತ್ತು. ಮುಖ ಬೆಳಗಿತ್ತು. "ಕೇಳಿದ್ರಾ? ಬಂದ!"

"ಅಲ್ರೀ ಅವ್ವಾ, ಅಂವಾ ಅಲ್ಲ," ಎಂದು ನಾನು ಬಾಯಿಬಿಟ್ಟೇಬಿಟ್ಟೆ. "ನಮ್ಮ ಸಾಹೇಬ್ರು ಅವ್ರು. ಅವನ ನೆನಪಿಗೆ ಅಂತ..."

"ನೀವೆಂತ ಹೇಳುವುದು? ಅವನ ಕೈ ನನಗೆ ಗೊತ್ತಿಲ್ವಾ?"

ಗುರುವಿನ ಕೈಯ ರೀತಿಯನ್ನೇ ಅವನು ಕಲಿತಿದ್ದ. ಆ ಸದ್ದಿನಲ್ಲಿ ವ್ಯತ್ಯಾಸ ನನಗೂ ಸಿಗುತ್ತಿರಲಿಲ್ಲ.

ಆಕೆ ಒಳಗೆ ಹೋಗಿ ಅಕ್ಕಿ ತೊಳೆದರು, ಒಲೆಯ ಮೇಲೆ ಇಟ್ಟರು. ಹೊರಬಂದು ದರ್ಭೆಯ ಕಟ್ಟನ್ನು ಎಲೆ ಸಮೇತ ಎತ್ತಿ ಚಾಳಿನ ಕಸದ ತೊಟ್ಟಿಗೆ ಹಾಕಿ ಬಂದರು. ಗಂಡ ತಡೆಯಲಿಲ್ಲ. ತಟ್ಟೆ ಹಾಕಿದರು. ಅನ್ನವಾಯಿತು, ಆರಿತು. ತಂದೆ ನನ್ನ ಕಡೆ ನೋಡದೆ, "ನೀವು ಹೋಗಿ ಮಾರಾಯ್ರೆ. ಇನ್ನು ಆಗುವುದಿಲ್ಲ," ಎಂದರು. ಮರುದಿನ ಬಂದ ಭಟ್ಟರು ಬಾಗಿಲಿನಿಂದಲೇ ಹಿಂದಿರುಗಿದರು. ತಂದೆ ಮತ್ತೆ ಆ ಮಾತು ಎತ್ತಲಿಲ್ಲ. ಕೆಲವು ವರ್ಷಗಳ ನಂತರ, ಮಗನಿಗೆ ಎಳ್ಳು ನೀರು ಬಿಡದೆಯೇ ಹೋಗಿಬಿಟ್ಟರು.

ನಾನು ಮರುದಿನ ಕ್ಲಬ್ಬಿಗೆ ಹೋದಾಗ ಬಾವಾ ಹ್ಯಾಂಗರಿನ ಬಾಗಿಲಲ್ಲೇ ಕಾಯುತ್ತಿದ್ದರು. ನಾನು ಕಂಡ ಅವರ ಅಪರೂಪದ ನಗುಗಳಲ್ಲಿ ಅದೊಂದು. "ಸುನಾ ಮಾಜೀನೆ?" ಎಂದರು.

ತಾಯಿ ಕೇಳಿಸಿಕೊಂಡರು ಎಂದೆ. ಆಮೇಲೆ ಉಳಿದದ್ದನ್ನೂ ಹೇಳಿದೆ. ಇನ್ನೊಮ್ಮೆ ಅವರು ಹಾಗೆ ಮಾಡಿಬಿಟ್ಟರೆ ಎಂಬ ಭಯ ನನಗೆ. ಬಾವಾ ಅಲ್ಲೇ ಬಿದ್ದಿದ್ದ ಹಳೆಯ ಟೈರಿನ ಮೇಲೆ ಕೂತರು. ಪೈಪು ಕೈಯಲ್ಲೇ ಆರಿಹೋಯಿತು. ಸಂಜೆಯೊಳಗೆ ಅವರ ಆಜ್ಞೆ ಹೊರಟಿತು: ಕ್ಲಬ್ಬಿನ ಯಾವ ವಿಮಾನವೂ ಇನ್ನು ಪಾರ್ಲೆಯ ಮೇಲೆ ಹಾರಬಾರದು. ಸುತ್ತನ್ನು ಸಮುದ್ರದ ಮೇಲೇ ಹಾಕಿ ಇಳಿಯಬೇಕು. ಕಾರಣ ಯಾರೂ ಕೇಳಲಿಲ್ಲ. ನಮ್ಮ ಮಾಣಿ ಬಿದ್ದ ನೀರಿನ ಮೇಲೇ ದಿನವೂ ತಿರುಗಬೇಕಾಯಿತು, ತಿರುಗಿದೆವು. ತಾಯಿಗೆ ಸದ್ದು ಕೇಳಿಸದಿದ್ದರೆ ನಿಧಾನವಾಗಿ ಆಸೆಯೂ ಹೋದೀತು ಎಂದು ಬಾವಾ ನಂಬಿದ್ದರು. ನಾನೂ ನಂಬಿದ್ದೆ.

ಮುಂದಿನ ಮಳೆಗಾಲಕ್ಕೆ ಮೊದಲು ಒಂದು ಸಂಜೆ ಪಾರ್ಲೆಗೆ ಹೋದೆ. ಆಕೆ ಸೊರಗಿಹೋಗಿದ್ದರು. ಅಕ್ಕಿ ತೊಳೆದಿಟ್ಟಿತ್ತು. ನನಗೆ ಕಾಫಿ ಕೊಟ್ಟು, ಗಂಡ ಆಚೆ ಹೋಗುವುದನ್ನೇ ಕಾದು, ದನಿ ತಗ್ಗಿಸಿ ಕೇಳಿದರು:

"ನಿಮ್ಮ ಸಾಹೇಬರಿಗೆ ಇನ್ನೂ ಕೋಪ ಇಳಿಯಲಿಲ್ಲವಾ? ಮತ್ತೆ ಅವನನ್ನು ಈ ಕಡೆ ಬಿಡುವುದೇ ಇಲ್ಲ. ಅಷ್ಟು ದೊಡ್ಡ ತಪ್ಪು ಎಂತ ಮಾಡಿದ ಅವನು? ನೀವಾದರೂ ಒಂದು ಮಾತು ಹೇಳಿ."

"ಹೇಳ್ತೀನ್ರೀ ಅವ್ವಾ," ಎಂದೆ.